ಮೂರು ಲೋಟ ಸೂಪು

ರೇವಣಸಿದ್ದನ ತೂಕ ನಲವತ್ತಾರು ಕಿಲೋಗೆ ಇಳಿದ ದಿನ ಡಾಕ್ಟರು ಚೀಟಿಯ ಮೇಲೆ ಮುಂದಿನ ಮಂಗಳವಾರದ ತಾರೀಖು ಬರೆದು ಅದರ ಕೆಳಗೆ ಎರಡು ಗೆರೆ ಎಳೆದರು.

"ಅಷ್ಟರಲ್ಲಿ ಒಂದು ಕೆಜಿ ಆದ್ರೂ ಏರಬೇಕು. ಇಲ್ಲಾಂದ್ರೆ ಅಡ್ಮಿಟ್ ಮಾಡ್ಕೊಂಡು ಮೂಗಿನಿಂದ ಹೊಟ್ಟೆಗೆ ಟ್ಯೂಬ್ ಹಾಕ್ಬೇಕಾಗುತ್ತೆ. ಬರೀ ಗಂಜಿ ಸಾಕಾಗಲ್ಲಮ್ಮ. ಹಾಲು, ಬೆಣ್ಣೆ, ಆಲೂಗಡ್ಡೆ, ಬೇಳೆ, ಏನಾದ್ರೂ ಮಾಡಿ. ಆದ್ರೆ ನೀರಿನ ಹಂಗೆ ಇರ್ಬೇಕು."

ಅವನ ಹೆಂಡತಿ ಭುವನೇಶ್ವರಿ ತಲೆಯಾಡಿಸಿದಳು. ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ ರೇವಣಸಿದ್ದ ಟ್ಯೂಬ್ ಎಂಬ ಮಾತು ಕೇಳಿ ಎದ್ದು ನಿಂತ. ಆಸ್ಪತ್ರೆಯಲ್ಲಿದ್ದಾಗ ಪಕ್ಕದ ಹಾಸಿಗೆಯ ರೋಗಿಗೆ ಅದನ್ನು ಹಾಕುವುದನ್ನು ಅವನು ಕಣ್ಣಾರೆ ನೋಡಿದ್ದ.

೨೦೦೬ರ ಮಾರ್ಚ್ ಕೊನೆಯಲ್ಲಿ ಅಪಘಾತವಾಗಿತ್ತು. ಪೀಣ್ಯದ ಒಂದು ಸಣ್ಣ ಶೆಡ್ಡಿನಲ್ಲಿ ಅವನು ಲೇತ್ ಓಡಿಸುತ್ತಿದ್ದ. ಹನ್ನೆರಡು ವರ್ಷದ ಅನುಭವ. ಅಂದು ಕಬ್ಬಿಣದ ತುಂಡನ್ನು ಹಿಡಿದು ತಿರುಗುವ ಚಕ್ಕಿನಿಂದ, ಅದನ್ನು ಬಿಗಿಯುವ ಕೀಲಿ ತೆಗೆಯುವುದನ್ನು ಮರೆತು ಸ್ವಿಚ್ ಒತ್ತಿದ. ತಿರುಗಿದ ಚಕ್ಕು ಕೀಲಿಯನ್ನು ಎಸೆಯಿತು. ಅದು ಬಂದು ದವಡೆಗೆ ಬಡಿಯಿತು, ಅವನು ನೆಲಕ್ಕೆ ಬಿದ್ದ ರಭಸಕ್ಕೆ ಬಲಗೈ ಮಣಿಕಟ್ಟೂ ಮುರಿಯಿತು. ದವಡೆ ಕೂಡಿಕೊಳ್ಳಲೆಂದು ಮೇಲಿನ ಹಲ್ಲುಗಳಿಗೂ ಕೆಳಗಿನ ಹಲ್ಲುಗಳಿಗೂ ಸೇರಿಸಿ ತಂತಿ ಕಟ್ಟಿದ್ದರು. ಆರು ವಾರ ಬಾಯಿ ತೆರೆಯುವಂತಿಲ್ಲ. ಎಡಗಡೆ ಒಂದು ಹಲ್ಲು ಹೋಗಿತ್ತು, ಆ ಸಂದಿಯಲ್ಲಿ ಪೈಪು ತೂರಿಸಿ ಏನಿದ್ದರೂ ಹೀರಬೇಕು. ತಪ್ಪು ತನ್ನದೇ ಎಂಬ ಸಂಕಟ ಅವನಿಗೆ ಹಸಿವಿಗಿಂತ ಜಾಸ್ತಿಯಿತ್ತು. ಭುವನೇಶ್ವರಿ ಮನೆಯಲ್ಲಿಲ್ಲದ ಹೊತ್ತಿನಲ್ಲಿ ಅವನು ಏನನ್ನೂ ಕುಡಿಯುತ್ತಿರಲಿಲ್ಲ.

ಮತ್ತು ಅವಳು ಮನೆಯಲ್ಲಿರುತ್ತಲೇ ಇರಲಿಲ್ಲ. ಲಗ್ಗೆರೆಯ ಗಾರ್ಮೆಂಟ್ಸಿನಲ್ಲಿ ಅವಳು ಕಾಲರ್ ಹೊಲಿಯುತ್ತಿದ್ದಳು. ಇದ್ದಬದ್ದ ರಜೆಯೆಲ್ಲ ಆಸ್ಪತ್ರೆಯಲ್ಲೇ ಮುಗಿದಿತ್ತು. ಬೆಳಗ್ಗೆ ಏಳೂಕಾಲಿಗೆ ಕುರುಬರಹಳ್ಳಿಯ ಮನೆ ಬಿಟ್ಟರೆ ತಿರುಗಿ ಬರುವುದು ಸಂಜೆ ಆರೂವರೆಗೆ. ಮನೆಯಲ್ಲಿದ್ದದ್ದು ಪಂಪು ಹೊಡೆದು ಹಚ್ಚುವ ಸೀಮೆಎಣ್ಣೆ ಸ್ಟೌವು. ಬ್ಯಾಂಡೇಜಿನ ಕೈಯಲ್ಲಿ ಅವನು ಅದನ್ನು ಹಚ್ಚುವಂತಿರಲಿಲ್ಲ. ಬೆಳಗ್ಗೆ ಅವಳು ಮಾಡಿಟ್ಟ ಗಂಜಿ ಮಧ್ಯಾಹ್ನಕ್ಕೆ ತಣ್ಣಗಾಗಿ, ಹೆಪ್ಪುಗಟ್ಟಿ, ಪೈಪಿನಲ್ಲಿ ಏರುತ್ತಿರಲಿಲ್ಲ.

ಕೆಳಗಿನ ಮನೆಯ ಕಮಲಾಕ್ಷಮ್ಮ, ಮನೆಯ ಯಜಮಾನಿ, ಇದನ್ನು ಕೇಳಿ ಅಟ್ಟದಿಂದ ಒಂದು ರಟ್ಟಿನ ಡಬ್ಬ ಇಳಿಸಿದರು. ಮಸ್ಕತ್ತಿನಲ್ಲಿದ್ದ ಅವರ ಮಗಳು ಮೂರು ವರ್ಷದ ಹಿಂದೆ ತಂದುಕೊಟ್ಟದ್ದು. ಒಳಗೆ ಪಿಂಗಾಣಿಯ ದಪ್ಪ ಪಾತ್ರೆ, ಗಾಜಿನ ಮುಚ್ಚಳ, ಕೆಳಗೆ ಕರೆಂಟಿನ ಒಲೆ.

"ಸ್ಲೋ ಕುಕ್ಕರ್ ಅಂತೆ ಕಣೇ. ಹಚ್ಚಿಟ್ಟು ಮರ್ತುಬಿಡಬಹುದಂತೆ. ಎಂಟು ಗಂಟೆ ಹೊತ್ತು ತಾನೇ ಬೇಯ್ಸುತ್ತೆ, ಆಮೇಲೆ ಬಿಸಿಯಾಗೂ ಇಟ್ಟಿರುತ್ತೆ. ಒಂದು ಸಾರು ಮಾಡಕ್ಕೆ ಎಂಟು ಗಂಟೆ ಕಾಯೋರು ಯಾರು ಅಂತ ನಾನು ಡಬ್ಬಾನೇ ಬಿಚ್ಚಿರಲಿಲ್ಲ."

ಜೊತೆಗಿದ್ದ ಪುಸ್ತಕದಲ್ಲಿ ಆಲೂಗಡ್ಡೆ ಸೂಪಿನ ಚಿತ್ರವಿತ್ತು. ಕಮಲಾಕ್ಷಮ್ಮ ಕನ್ನಡಕ ಹಾಕಿಕೊಂಡು ಓದಿದರು. ಅದರಲ್ಲಿ ಕೋಳಿ ಬೇಯಿಸಿದ ನೀರು ಹಾಕಲು ಹೇಳಿತ್ತು. ಭುವನೇಶ್ವರಿಯದು ಲಿಂಗಾಯತರ ಮನೆ. "ಅದರ ಬದಲು ಬೇಳೆ ಕಟ್ಟು ಹಾಕು, ಏನಾಗುತ್ತೆ," ಎಂದರು.

ಆ ರಾತ್ರಿ ಊಟವಾದ ಮೇಲೆ ಅವಳು ಮುಕ್ಕಾಲು ಕಿಲೋ ಆಲೂಗಡ್ಡೆಯ ಸಿಪ್ಪೆ ಹೆರೆದು, ಚಿಕ್ಕದಾಗಿ ಹೆಚ್ಚಿ ಪಿಂಗಾಣಿ ಪಾತ್ರೆಗೆ ಹಾಕಿದಳು. ಮೇಲೆ ಎರಡು ಈರುಳ್ಳಿ, ಆರು ಎಸಳು ಬೆಳ್ಳುಳ್ಳಿ, ತೊಗರಿಬೇಳೆಯ ಕಟ್ಟು. ಮೆಣಸು, ಜೀರಿಗೆ ಹಾಗೇ ಹಾಕಿದರೆ ತಂತಿಗೆ ಸಿಕ್ಕಿಕೊಳ್ಳುತ್ತವೆಂದು ಬಟ್ಟೆಯ ಗಂಟಿನಲ್ಲಿ ಕಟ್ಟಿ ಇಳಿಬಿಟ್ಟಳು. ಬೆಳಗಿನ ಜಾವ ಐದಕ್ಕೆ ಎದ್ದಾಗ ಮನೆಯೆಲ್ಲ ಬೆಳ್ಳುಳ್ಳಿಯ ಘಮ. ಆಲೂಗಡ್ಡೆ ಸೌಟು ತಾಗಿದರೆ ಕರಗುತ್ತಿತ್ತು. ಗಂಟನ್ನು ಹಿಂಡಿ ತೆಗೆದು, ಕಡಗೋಲಿನಿಂದ ಕಡೆದು, ತೆಳು ಪಂಚೆಯ ತುಂಡಿನಲ್ಲಿ ಎರಡು ಸಲ ಸೋಸಿ, ಕಾದ ಹಾಲು, ಬೆಣ್ಣೆ, ಕೆನೆ ಬೆರೆಸಿದಳು. ನಯವಾದ, ಕೆನೆಗಟ್ಟಿದ, ಬೆಣ್ಣೆಯ ಬಣ್ಣದ ಸೂಪು. ಗುಂಡಿಯನ್ನು ಬೆಚ್ಚಗಿಡುವ ಗುರುತಿಗೆ ತಿರುಗಿಸಿದಳು.

ರೇವಣಸಿದ್ದ ಪೈಪಿನಲ್ಲಿ ಮೊದಲ ಗುಟುಕು ಹೀರಿದ. ಆಮೇಲೆ ಲೋಟ ಖಾಲಿ ಮಾಡಿ, ಹಾಸಿಗೆಯ ಪಕ್ಕದ ಸ್ಲೇಟಿನಲ್ಲಿ ಎಡಗೈಯಿಂದ ಸೊಟ್ಟಗೆ ಬರೆದ: ಇನ್ನೊಂದು.

ಮಧ್ಯಾಹ್ನವೂ ಸೂಪು ಬಿಸಿಯಾಗಿಯೇ ಇತ್ತು. ಮುಚ್ಚಳ ತೆಗೆದು ಸೌಟಿನಲ್ಲಿ ಬಗ್ಗಿಸಿಕೊಂಡರೆ ಆಯಿತು. ಮೂರು ದಿನ ಹೀಗೆ ನಡೆಯಿತು. ಭಾನುವಾರ ಇಬ್ಬರೂ ಔಷಧದ ಅಂಗಡಿಯ ತಕ್ಕಡಿಯ ಹತ್ತಿರ ಹೋದರು. ಮುಳ್ಳು ನಲವತ್ತಾರೂವರೆ ದಾಟಿತ್ತು. ಇನ್ನು ಅರ್ಧ ಕಿಲೋ ಆಗಬೇಕು, ನಡುವೆ ಇರುವುದು ಸೋಮವಾರ ಒಂದೇ. ಭುವನೇಶ್ವರಿ ಆ ರಾತ್ರಿ ಮೂರು ದಿನದಿಂದ ಕೂಡಿಟ್ಟಿದ್ದ ಕೆನೆಯನ್ನೆಲ್ಲ ತೆಗೆದಿಟ್ಟಳು. ಮನೆಯಲ್ಲಿ ಫ್ರಿಜ್ ಇರಲಿಲ್ಲ. ಕೆನೆ ಸ್ವಲ್ಪ ಹುಳಿ ವಾಸನೆ ಬರುತ್ತಿದೆಯೋ ಏನೋ ಎಂದು ಬೆಳಗ್ಗೆ ಮೂಸಿ ನೋಡಿದಳು. ಬಿಸಿ ಸೂಪಿನಲ್ಲಿ ಏನೂ ಗೊತ್ತಾಗುವುದಿಲ್ಲ ಎಂದುಕೊಂಡು ಸುರಿದಳು. ಕುಕ್ಕರಿನ ಕೆಂಪು ದೀಪ ಉರಿಯುತ್ತಿರುವುದನ್ನು ನೋಡಿ ಕೆಲಸಕ್ಕೆ ಹೊರಟಳು.

ಫ್ಯಾಕ್ಟರಿಯಲ್ಲಿ ಆ ದಿನ ತಲೆ ಎತ್ತಲು ಬಿಡುವಿರಲಿಲ್ಲ. ಸಂಜೆಗೆ ಕಂಟೇನರ್ ಹೊರಡಬೇಕಿತ್ತು. ಜನರೇಟರಿನ ಸದ್ದು ಬೆಳಗಿನಿಂದಲೂ ಇತ್ತು. ಅದು ವಾರಕ್ಕೆ ಮೂರು ದಿನ ಇರುತ್ತಿದ್ದ ಸದ್ದು, ಅವಳ ಕಿವಿಗೆ ಬೀಳಲಿಲ್ಲ. ಹನ್ನೆರಡೂವರೆಗೆ ಊಟದ ಬೆಲ್ ಆಯಿತು. ಎದುರಿಗೆ ಬಂದು ಕೂತ ಪಾಪಮ್ಮ, ಕುರುಬರಹಳ್ಳಿಯಲ್ಲಿ ಅವಳ ಹಿಂದಿನ ಬೀದಿಯವಳು, ಅರ್ಧ ದಿನ ರಜೆ ಹಾಕಿ ಈಗಷ್ಟೇ ಬಂದಿದ್ದಳು.

"ನೀರೂ ಇಲ್ಲ, ಏನೂ ಇಲ್ಲ ಮಾರಾಯ್ತಿ. ಎಂಟು ಗಂಟೆಗೆ ಟ್ರಾನ್ಸ್‌ಫಾರ್ಮರ್ ಢಬ್ ಅಂತು. ಇಡೀ ಏರಿಯಾಗೆ ಕರೆಂಟಿಲ್ಲ. ಸಾಯಂಕಾಲ ಬರುತ್ತೆ ಅಂತವ್ರೆ."

ಭುವನೇಶ್ವರಿಯ ಕೈಯಲ್ಲಿದ್ದ ತುತ್ತು ಡಬ್ಬಿಗೆ ವಾಪಸು ಹೋಯಿತು. ಎಂಟರಿಂದ ಹನ್ನೆರಡೂವರೆ. ಏಪ್ರಿಲ್ ಬಿಸಿಲು, ಶೀಟಿನ ಮನೆ. ದಪ್ಪ ಪಿಂಗಾಣಿ ಪಾತ್ರೆಯೊಳಗೆ ಹಾಲು, ಹಳೆ ಕೆನೆ, ಮೊಸರಿಗೆ ಹೆಪ್ಪು ಹಾಕುವಷ್ಟು ಹದವಾದ ಬಿಸಿ. ಅವಳು ಡಬ್ಬಿ ಬಿಟ್ಟು ಎದ್ದಳು.

ಸೆಕ್ಯೂರಿಟಿ ಕೋಣೆಯ ಹೊರಗೆ ಒಂದು ರೂಪಾಯಿ ನಾಣ್ಯದ ಫೋನು ಇತ್ತು. ಅವಳ ಬಳಿ ಎರಡೇ ನಾಣ್ಯ. ಮೊದಲನೆಯದನ್ನು ಹಾಕಿ ಕಮಲಾಕ್ಷಮ್ಮನ ಮನೆಗೆ ಮಾಡಿದಳು. ರಿಂಗಾಯಿತು, ಆಗುತ್ತಲೇ ಇತ್ತು. ಆಗ ಅವಳಿಗೆ ನೆನಪಾಯಿತು, ಕಮಲಾಕ್ಷಮ್ಮ ಕೆಂಗೇರಿಗೆ ಗೃಹಪ್ರವೇಶಕ್ಕೆ ಹೋಗುವುದಾಗಿ ನಿನ್ನೆಯೇ ಹೇಳಿದ್ದರು. ನಾಣ್ಯ ಕೆಳಗೆ ಬಿದ್ದು ವಾಪಸು ಬಂತು. ಗಂಡನ ಮೊಬೈಲಿಗೆ ಮಾಡಿದಳು. ಅವನು ಮಾತಾಡುವಂತಿಲ್ಲ, ಕೇಳಬಲ್ಲ. ಬೆರಳಿನಿಂದ ಫೋನಿಗೆ ಒಂದು ಸಲ ಬಡಿದರೆ ಹೌದು, ಎರಡು ಸಲ ಬಡಿದರೆ ಇಲ್ಲ ಎಂದು ಇಬ್ಬರೂ ಮಾಡಿಕೊಂಡಿದ್ದರು.

ಫೋನು ಎತ್ತಿದ ಸದ್ದಾಯಿತು.

"ರೀ, ನಾನು. ಕರೆಂಟ್ ಹೋಗೇತಂತ. ಆ ಸೂಪು ಕುಡೀಬ್ಯಾಡ್ರಿ. ಕೆಟ್ಟಿರ್ತೈತಿ. ಕುಡದಿಲ್ಲ ಹೌದಿಲ್ಲೋ?"

ಎರಡು ಸಲ ಬಡಿಯುವುದನ್ನು ಅವಳು ಕಾದಳು. ಒಂದೇ ಸಲ ಕೇಳಿಸಿತು. ಹೌದು ಕುಡಿದಿಲ್ಲ ಎಂದೋ, ಹೌದು ಕುಡಿದೆ ಎಂದೋ ಅವಳಿಗೆ ತಿಳಿಯಲಿಲ್ಲ.

"ಸರಿಯಾಗಿ ಹೇಳ್ರಿ. ಕುಡದೀರೇನು?"

ಒಂದು ಸಲ.

"ಎಷ್ಟ ಲೋಟ?"

ಒಂದು. ಎರಡು. ಮೂರು.

"ಹೊಟ್ಟಿ ಚಲೋ ಐತೇನು?"

ಎರಡು ಸಲ ಬಡಿದ ಸದ್ದು. ಅದರ ಬೆನ್ನಿಗೇ ಗಂಟಲಿನಿಂದ ಏನೋ ಉಕ್ಕಿದಂಥ ಸದ್ದು, ಫೋನು ನೆಲಕ್ಕೆ ಬಿದ್ದ ಸದ್ದು. ಪೀಂ ಎಂದು ನಿಮಿಷ ಮುಗಿದ ಸೂಚನೆ ಬಂತು. ಎರಡನೆಯ ನಾಣ್ಯ ಅವಳ ಬೆವರಿದ ಬೆರಳುಗಳಿಂದ ಜಾರಿ ಚರಂಡಿಯ ಜಾಲರಿಯೊಳಗೆ ಹೋಯಿತು. ಲೈನು ಕಡಿದುಹೋಯಿತು.

ಆಸ್ಪತ್ರೆಯಿಂದ ಕಳಿಸುವಾಗ ಡಾಕ್ಟರು ಒಂದು ಸಣ್ಣ ಕಟಿಂಗ್ ಪ್ಲೇಯರನ್ನು ಅವಳ ಕೈಗೆ ಕೊಟ್ಟು ಹೇಳಿದ್ದರು. ವಾಂತಿಯಾದರೆ ಮುಂದಕ್ಕೆ ಬಗ್ಗಿಸಬೇಕು, ನೀರಾಗಿದ್ದರೆ ಹಲ್ಲಿನ ಸಂದಿಯಿಂದ ಹೊರಗೆ ಬರುತ್ತದೆ. ಗಟ್ಟಿಯಾಗಿದ್ದು ಉಸಿರು ಕಟ್ಟಿದರೆ ಮಾತ್ರ ತಂತಿ ಕತ್ತರಿಸಬೇಕು. ಮೇಲಿನ ಹಲ್ಲಿನಿಂದ ಕೆಳಗಿನ ಹಲ್ಲಿಗೆ ಇಳಿದಿರುವ ನಾಲ್ಕು ತಂತಿ. ಅಡ್ಡ ಇರುವುದನ್ನು ಮುಟ್ಟಬಾರದು. ಎಡಗೈಯಲ್ಲಿ ಅವನೇ ಅದನ್ನು ಮಾಡಿಕೊಳ್ಳಲಾರ ಎಂದು ಅಂದೇ ಇಬ್ಬರಿಗೂ ಗೊತ್ತಿತ್ತು. ಒಡೆದ ಹಾಲಿನ ಗಟ್ಟಿ ಗಡ್ಡೆಗಳು ಈಗ ಅವಳ ಕಣ್ಣ ಮುಂದೆ ಬಂದವು.

ಸೂಪರ್‌ವೈಸರ್ ಅನಂತಲಕ್ಷ್ಮಿ, ಅವಳು ಮನೆಗೆ ಹೋಗಬೇಕೆಂದಾಗ, ಊಟದ ಮಧ್ಯದಲ್ಲೇ ತಲೆ ಅಲ್ಲಾಡಿಸಿದಳು. "ಇವತ್ತು ಲೈನ್ ಬಿಡಕ್ಕಾಗಲ್ಲ. ಕಾಲರ್‌ಗೆ ಇನ್ಯಾರಿದಾರೆ? ಐದೂವರೆಗೆ ಹೋಗು. ಯಾರಾದ್ರೂ ಪಕ್ಕದ ಮನೆಯೋರಿಗೆ ಹೇಳು."

"ಮೇಡಂ, ಅವ್ರ ಬಾಯಿ ಕಟ್ಟೈತ್ರಿ."

"ಗೊತ್ತು ಕಣಮ್ಮ. ದಿನಾ ಒಬ್ಬೊಬ್ರಿಗೆ ಒಂದೊಂದು ಇರುತ್ತೆ."

ಭುವನೇಶ್ವರಿ ಗೇಟಿನ ಕಡೆ ನಡೆದಳು. ಕಾವಲಿನ ಕೃಷ್ಣಪ್ಪ ಕೈ ಅಡ್ಡ ಹಿಡಿದ. ಐವತ್ತು ದಾಟಿದ, ಮೃದು ಮಾತಿನ ಮನುಷ್ಯ.

"ಪಾಸ್ ಎಲ್ಲಮ್ಮ?"

"ಕೊಡ್ಲಿಲ್ರಿ. ಅಣ್ಣಾ, ನನ್ನ ಬಿಡ್ರಿ. ಮನ್ಯಾಗ ಅವ್ರಿಗೆ ಉಸಿರು ಕಟ್ಟಾಕತ್ತೈತಿ."

"ಸೈನ್ ಇಲ್ದೆ ಒಳಗಿನೋರನ್ನ ಬಿಡಂಗಿಲ್ಲ. ಹೋದ್ ತಿಂಗ್ಳು ಇದೇ ವಿಷ್ಯಕ್ಕೆ ನಮ್ ಗಾರ್ಡ್ ಒಬ್ಬನ್ನ ಮನೆಗೆ ಕಳಿಸಿದ್ರು. ನಂಗೂ ಮನೆ ಐತೆ ತಾಯಿ."

ಅವಳು ಕುತ್ತಿಗೆಯಿಂದ ಗುರುತಿನ ಕಾರ್ಡು ತೆಗೆದಳು. ದಾರದ ಸಮೇತ ಅವನ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು.

"ತಗೋರಿ. ಈಗ ನಾ ಇಲ್ಲಿ ಕೆಲಸದಾಕಿ ಅಲ್ಲ. ಹೊರಗಿನಾಕಿ ಹೊರಗ ಹೊಂಟಾಳ ಅಂತ ಬರ್ಕೋರಿ."

ಕೃಷ್ಣಪ್ಪ ಕಾರ್ಡನ್ನೂ ಅವಳನ್ನೂ ನೋಡಿದ. ಅಡ್ಡ ಹಿಡಿದಿದ್ದ ಕೈಯನ್ನು ಕೆಳಗಿಳಿಸಿದ.

ರಸ್ತೆಯಲ್ಲಿ ಎರಡು ಆಟೋಗಳು ನಿಲ್ಲದೆ ಹೋದವು. ಮೂರನೆಯದಕ್ಕೆ ಅವಳು ಅಡ್ಡ ನಿಂತಳು. ನರೆತ ಮೀಸೆಯ ಆಟೋದವನು ಬ್ರೇಕು ಹಾಕಿ ಬೈಯಲು ಬಾಯಿ ತೆರೆಯುವಷ್ಟರಲ್ಲಿ ಅವಳು ಒಳಗೆ ಕೂತಿದ್ದಳು. ರಿಂಗ್ ರಸ್ತೆಯ ಸಿಗ್ನಲ್ಲಿನಲ್ಲಿ ಲಾರಿಗಳ ಹಿಂದೆ ನಿಂತಾಗ ಅವಳು ಮುಂದಿನ ಕಂಬಿ ಹಿಡಿದು, ನಾಲ್ಕು ತಂತಿ, ಅಡ್ಡ ಇರೋದು ಅಲ್ಲ, ನಾಲ್ಕು ತಂತಿ ಎಂದು ಒಳಗೊಳಗೇ ಹೇಳಿಕೊಳ್ಳುತ್ತಿದ್ದಳು. ಆಟೋದವನು ಕನ್ನಡಿಯಲ್ಲಿ ನೋಡಿ, ಕೇಳುವುದು ಬೇಡವೆಂದುಕೊಂಡು, ಎಡಗಡೆಯ ಮಣ್ಣಿನ ಮೇಲೆ ಗಾಡಿ ಇಳಿಸಿ ಲಾರಿಗಳನ್ನು ದಾಟಿದ.

ಮನೆಯ ಮುಂದೆ ಆಟೋ ಪೂರ್ತಿ ನಿಲ್ಲುವ ಮೊದಲೇ ಅವಳು ಇಳಿದು ಓಡಿದಳು. "ಏಯ್, ಮೀಟ್ರು," ಎನ್ನುತ್ತ ಅವನೂ ಹಿಂದೆಯೇ ಮೆಟ್ಟಿಲು ಹತ್ತಿದ.

ಬಾಗಿಲು ಅರ್ಧ ತೆರೆದಿತ್ತು. ರೇವಣಸಿದ್ದ ಬಚ್ಚಲ ಮನೆಯೊಳಗೆ ಮಂಡಿಯೂರಿ ಗೋಡೆಗೆ ತಲೆ ಆನಿಸಿದ್ದ. ಅಂಗಿ ಒದ್ದೆಯಾಗಿತ್ತು. ಮೂಗಿನಿಂದ ಬಿಳಿ ನೀರು ಇಳಿಯುತ್ತಿತ್ತು. ಮುಖ ಕಪ್ಪಗೆ ಉಬ್ಬಿತ್ತು. ಈಗಷ್ಟೇ ಮತ್ತೆ ಬಂದ ವಾಂತಿ ಗಂಟಲಿಗೆ ಸಿಕ್ಕಿ ಎದೆ ಜಗ್ಗುತ್ತಿತ್ತು, ಗಾಳಿ ಮಾತ್ರ ಒಳಗೆ ಹೋಗುತ್ತಿರಲಿಲ್ಲ. ಎಡಗೈಯಲ್ಲಿ ಪ್ಲೇಯರ್ ಇತ್ತು. ತುಟಿ ಕೊಯ್ದುಕೊಂಡು ರಕ್ತ ಸುರಿಯುತ್ತಿತ್ತು, ತಂತಿಗಳು ಇದ್ದಲ್ಲೇ ಇದ್ದವು.

ಅವಳು ಅವನ ಕೈಯಿಂದ ಪ್ಲೇಯರ್ ತೆಗೆದುಕೊಂಡು, ಮುಂದೆ ಕೂತು ತುಟಿ ಅಗಲಿಸಿದಳು. ಬಚ್ಚಲಿಗೆ ಕಿಟಕಿಯಿರಲಿಲ್ಲ, ಕರೆಂಟಿರಲಿಲ್ಲ. ರಕ್ತ, ಒಡೆದ ಹಾಲು, ಕತ್ತಲು. ತಂತಿ ಎಲ್ಲಿದೆ ಎಂದೇ ಕಾಣಲಿಲ್ಲ.

"ಹೊರಗ ಎಳೀರಿ," ಎಂದಳು, ಹಿಂದೆ ಯಾರಿದ್ದಾರೆಂದು ನೋಡದೆ. ಆಟೋದವನು ಒಳಗೆ ಬಂದ. ರೇವಣಸಿದ್ದನ ಕಂಕುಳಿಗೆ ಕೈ ಹಾಕಿ ಅವನನ್ನು ಬಾಗಿಲ ಬೆಳಕಿಗೆ ಎಳೆದು ತಂದ. ತಲೆಯನ್ನು ತನ್ನ ಎದೆಗೆ ಒತ್ತಿ ಮುಂದಕ್ಕೆ ಬಗ್ಗಿಸಿ ಹಿಡಿದ.

"ಹಿಡಿದಿದೀನಿ. ನೀವು ಅದೇನ್ ಮಾಡ್ಬೇಕೋ ಮಾಡಿ."

ಭುವನೇಶ್ವರಿ ಸೆರಗಿನಿಂದ ಹಲ್ಲು ಒರೆಸಿದಳು. ಮೊದಲ ತಂತಿ ಕಾಣಿಸಿತು. ಪ್ಲೇಯರ್ ಇಟ್ಟು ಒತ್ತಿದಳು, ಜಾರಿತು. ಮತ್ತೆ ಇಟ್ಟು ಎರಡೂ ಕೈ ಸೇರಿಸಿ ಒತ್ತಿದಳು. ಟಕ್ ಎಂದಿತು. ಎರಡನೆಯದು ಸಲೀಸಾಗಿ ಹೋಯಿತು. ಮೂರನೆಯದಕ್ಕೆ ಬರುವಷ್ಟರಲ್ಲಿ ಅವನ ಎಡಗೈ ಅವಳ ಭುಜ ಹಿಡಿದಿದ್ದದ್ದು ಸಡಿಲವಾಗಿ ಕೆಳಗೆ ಬಿತ್ತು. ಕಣ್ಣು ಮೇಲಕ್ಕೆ ಹೋಯಿತು. ಅವಳು ಅವನ ಮುಖ ನೋಡಲಿಲ್ಲ. ತಂತಿ ಮಾತ್ರ ನೋಡಿದಳು. ಮೂರನೆಯದು. ನಾಲ್ಕನೆಯದು ಒಳಗೆ, ದವಡೆಯ ಮೂಲೆಯಲ್ಲಿತ್ತು. ಪ್ಲೇಯರಿನ ಮೂತಿ ಅಲ್ಲಿಗೆ ಹೋಗಲು ಕೆನ್ನೆಯನ್ನು ಬೆರಳಿನಿಂದ ಎಳೆಯಬೇಕಾಯಿತು. ಒತ್ತಿದಳು. ಟಕ್.

ಬಾಯಿ ಎರಡು ಬೆರಳಿನಷ್ಟು ತೆರೆಯಿತು. ಅವಳು ಬೆರಳು ತೂರಿಸಿ ಗಂಟಲಿನವರೆಗೆ ಗೋರಿದಳು. ಪನೀರಿನಂಥ ಬಿಳಿ ಮುದ್ದೆಗಳು ಬಂದವು. ಮತ್ತೆ ಗೋರಿದಳು. ಆಟೋದವನು ಬೆನ್ನಿಗೆ ಅಂಗೈಯಿಂದ ಬಲವಾಗಿ ಹೊಡೆದ. ಒಮ್ಮೆಗೇ ಎಲ್ಲ ಹೊರಗೆ ಬಂತು, ಮತ್ತು ಅದರ ಹಿಂದೆಯೇ, ಹರಿದ ಬಟ್ಟೆಯಂಥ ಸದ್ದಿನೊಂದಿಗೆ, ಒಂದು ಉಸಿರು ಒಳಗೆ ಹೋಯಿತು.

ಇನ್ನೊಂದು ಉಸಿರು ಹೋಯಿತು. ಮತ್ತೊಂದು. ಭುವನೇಶ್ವರಿ ಅವುಗಳನ್ನು ಎಣಿಸುತ್ತ ಕೂತಳು. ಹತ್ತಾದ ಮೇಲೂ ಪ್ಲೇಯರನ್ನು ಬಿಟ್ಟಿರಲಿಲ್ಲ. ಆಟೋದವನೇ ಅದನ್ನು ಅವಳ ಬೆರಳುಗಳಿಂದ ಬಿಡಿಸಿ ಪಕ್ಕಕ್ಕಿಟ್ಟ.

"ಎತ್ತಿ, ಆಸ್ಪತ್ರೆಗೆ ಹೋಗೋಣ," ಎಂದ. ಮೀಟರಿನ ಮಾತು ಅವನು ಆಮೇಲೂ ಎತ್ತಲಿಲ್ಲ.

ಆಸ್ಪತ್ರೆಯಲ್ಲಿ ಅವನಿಗೆ ಆಮ್ಲಜನಕ ಹಾಕಿದರು, ಡ್ರಿಪ್ ಹಾಕಿದರು, ಎದೆಯ ಎಕ್ಸ್‌ರೇ ತೆಗೆದರು. ಸಂಜೆ ಡಾಕ್ಟರು ದವಡೆಯ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಭುವನೇಶ್ವರಿ ಬಾಗಿಲ ಬಳಿ ನಿಂತಿದ್ದಳು. ಅವಳ ಸೆರಗಿನ ಮೇಲೆ ರಕ್ತ, ಹಾಲು ಒಣಗಿ ಗಟ್ಟಿಯಾಗಿದ್ದವು.

"ಮೂಳೆ ಸುಮಾರು ಕೂಡಿದೆ. ಸ್ವಲ್ಪ ಎಡಕ್ಕೆ ಸರಿದಿದೆ, ಅದು ಹಾಗೇ ಉಳೀಬಹುದು. ಮತ್ತೆ ತಂತಿ ಕಟ್ಟಲ್ಲ. ರಬ್ಬರ್ ಬ್ಯಾಂಡ್ ಹಾಕ್ತೀನಿ. ಊಟದ ಹೊತ್ತಿಗೆ ಕೈಯಲ್ಲೇ ಬಿಚ್ಚಬಹುದು." ಆಮೇಲೆ ಅವಳ ಕಡೆ ತಿರುಗಿದರು. "ನಾಲ್ಕನ್ನೂ ಸರಿಯಾಗಿ ಕತ್ತರಿಸಿದೀರ. ಇನ್ನೆರಡು ನಿಮಿಷ ಆಗಿದ್ರೆ ನಾನು ಈ ಎಕ್ಸ್‌ರೇ ನೋಡ್ತಾನೇ ಇರಲಿಲ್ಲ."

"ಆ ಸೂಪು ಮಾಡಿದಾಕಿನೂ ನಾನರೀ," ಎಂದಳು ಭುವನೇಶ್ವರಿ.

ಡಾಕ್ಟರು ಚೀಟಿ ಬರೆಯತೊಡಗಿದರು. ಟ್ಯೂಬಿನ ಮಾತನ್ನು ಅವರೇ ಕೈಬಿಟ್ಟರು. ಬಾಯಿ ತೆರೆಯುತ್ತದೆಂದ ಮೇಲೆ ಅದರ ಅಗತ್ಯವಿರಲಿಲ್ಲ.

ಮರುದಿನ ಮಧ್ಯಾಹ್ನ ಅವನು ಮಾತಾಡಿದ. ತಿಂಗಳಿಗೆ ಹತ್ತಿರವಾಗಿತ್ತು ಅವನ ದನಿ ಕೇಳಿ. ಒರಟಾಗಿ, ಗಾಳಿ ಸೋರಿದಂತೆ ಬಂತು.

"ಹುಳಿ ಆಗಿತ್ತು."

ಅವಳು ಬಗ್ಗಿ ಕೂತಳು. "ಏನು?"

"ಸೂಪು. ಮೊದಲ ಗುಟುಕಿಗೇ ಗೊತ್ತಾತು. ಪೈಪಿನ್ಯಾಗ ಗಂಟ ಗಂಟ ಬರಾಕತ್ತಿತ್ತು. ಚಮಚದಿಂದ ಹಿಸುಕಿ ಹಿಸುಕಿ ಕುಡದೆ."

"ಗೊತ್ತಿದ್ದೂ ಯಾಕ ಕುಡದ್ರಿ?"

ಅವನು ಡ್ರಿಪ್ಪಿನ ಸೂಜಿಯನ್ನು ನೋಡುತ್ತಿದ್ದ. "ನಾಳೆ ತೂಕ ಅಂತ. ಮೂಗಿನ್ಯಾಗ ಟ್ಯೂಬ್ ಹಾಕ್ತಾರ ಅಂತ ಹೆದರಿಕಿ ಆಗಿತ್ತು. ಬೇಕಾಗಿದ್ದು ಅರ್ಧ ಕಿಲೋ ಅಷ್ಟ, ಮೂರು ಲೋಟ ಕುಡದ್ರ ಆಗ್ತೈತಿ ಅಂತ."

ಭುವನೇಶ್ವರಿಗೆ ಸಿಟ್ಟು ಬಂತು. ನಿನ್ನೆಯಿಂದ ತಡೆದುಕೊಂಡಿದ್ದೆಲ್ಲ ಸಿಟ್ಟಾಗಿಯೇ ಬಂತು. "ನಾ ಬೆಳಗ್ಗೆ ಆ ಕೆನಿ ಮೂಸಿ ನೋಡಿದ್ದೆ. ನನಗೂ ಸಂಶಯ ಇತ್ತು. ನಾನೂ ಅದ ತೂಕದ ಆಸೆಗೆ ಹಾಕಿದೆ. ಇಬ್ರೂ ಕೂಡಿ ಏನ್ ಮಾಡಾಕ್ ಹೊಂಟಿದ್ವಿ ನೋಡ್ರಿ."

ಅವನು ಕಣ್ಣು ಮುಚ್ಚಿಕೊಂಡ. ಎಡಗೈಯಿಂದ ಅವಳ ಮುಂಗೈ ಹುಡುಕಿ ಹಿಡಿದ. ಅವಳು ಬಿಡಿಸಿಕೊಳ್ಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಗೇಟಿನಲ್ಲಿ ಕಾರ್ಡು ಕೊಟ್ಟು ಬಂದದ್ದನ್ನು ಹೇಳಿದಳು. ಅವನು ಹಿಡಿದಿದ್ದ ಕೈಯನ್ನು ಇನ್ನಷ್ಟು ಬಿಗಿ ಮಾಡಿದ.

ಗುರುವಾರ ಮನೆಗೆ ಬಂದರು. ಬಚ್ಚಲನ್ನು ಕಮಲಾಕ್ಷಮ್ಮ ತಾವೇ ತೊಳೆಸಿಟ್ಟಿದ್ದರು. ಕುಕ್ಕರನ್ನು ನೋಡಲಾರೆ, ವಾಪಸು ತೆಗೆದುಕೊಳ್ಳಿ ಎಂದು ಭುವನೇಶ್ವರಿ ಕೊಟ್ಟಾಗ ಅವರು ತೆಗೆದುಕೊಳ್ಳಲಿಲ್ಲ. "ಅದೇನ್ ಮಾಡ್ತು ಪಾಪ. ಕರೆಂಟು ಹೋದ್ರೆ ಅದಕ್ಕೆ ಬಾಯಿ ಇದ್ಯಾ ಹೇಳಕ್ಕೆ," ಎಂದು ಬಾಗಿಲಲ್ಲೇ ಇಟ್ಟು ಹೋದರು. ಎರಡು ದಿನ ಅದು ಅಲ್ಲೇ ಇತ್ತು.

ಶನಿವಾರ ರೇವಣಸಿದ್ದನೇ ಆ ಸೂಪು ಕೇಳಿದ. ಅವಳು ಬೇಡವೆಂದಳು. ಅವನು ಮತ್ತೆ ಕೇಳಿದ. ಭಾನುವಾರ ಬೆಳಗ್ಗೆ ಆರಕ್ಕೆ ಅವಳು ಕುಕ್ಕರಿನಲ್ಲಿ ಆಲೂಗಡ್ಡೆ ಬೇಯಲಿಟ್ಟಳು. ಎಂಟು ಗಂಟೆ ಹೊತ್ತು ಅದರ ಎದುರಿಗೇ ಕೂತು ಅಕ್ಕಿ ಆರಿಸಿದಳು, ಅಂಗಿಗಳಿಗೆ ಗುಂಡಿ ಹಾಕಿದಳು. ಹಾಲನ್ನು ಆಗ ತಾನೇ ತಂದ ಪ್ಯಾಕೆಟ್ಟಿನಿಂದ ಕಾಯಿಸಿ, ಬಡಿಸುವ ಮುಂಚೆ ಬೆರೆಸಿದಳು. ಮೊದಲ ಚಮಚ ತಾನು ಕುಡಿದು ಕಾದಳು. ಬಿಸಿ, ಮೆಣಸಿನ ಖಾರ, ಬೆಣ್ಣೆ. ಏನೂ ಆಗಲಿಲ್ಲ.

ಅವನು ರಬ್ಬರ್ ಬಿಚ್ಚಿ ಲೋಟಕ್ಕೆ ಬಾಯಿ ಹಚ್ಚುವ ಹೊತ್ತಿಗೆ ಮೆಟ್ಟಿಲ ಮೇಲೆ ಸದ್ದಾಯಿತು. ಕಾವಲಿನ ಕೃಷ್ಣಪ್ಪ, ಯೂನಿಫಾರ್ಮಿಲ್ಲದೆ, ಪಟ್ಟೆ ಅಂಗಿಯಲ್ಲಿ, ಗುರುತು ಸಿಗದಂತೆ ನಿಂತಿದ್ದ. ಪಾಪಮ್ಮನನ್ನು ಕೇಳಿ ಮನೆ ಹುಡುಕಿಕೊಂಡು ಬಂದಿದ್ದ. ಒಳಗೆ ಬಂದು ರೇವಣಸಿದ್ದನನ್ನು ಮೇಲಿಂದ ಕೆಳಗೆ ನೋಡಿ, ಬದುಕಿದ್ದಾನೆಂದು ಖಾತ್ರಿಯಾದ ಮೇಲೆ ಚಾಪೆಯ ಮೇಲೆ ಕೂತ.

"ಕಾರ್ಡು ಆಫೀಸಿಗೆ ಕೊಡ್ಬೇಕಾಯ್ತಮ್ಮ. ಎರಡು ದಿನ ಜೇಬಲ್ಲೇ ಇಟ್ಕೊಂಡಿದ್ದೆ. ಮೇಡಂ ಕೇಳಿದ್ರು. ಅವ್ರು ನಿಮ್ಮ ಹೆಸ್ರು ತೆಗೆದವ್ರೆ."

"ನನಗ ಗೊತ್ತಿತ್ರಿ," ಎಂದಳು ಭುವನೇಶ್ವರಿ.

"ನಮ್ ನಾದಿನಿ ರಾಮಕ್ಕ ಆರ್‌ಪಿಸಿ ಲೇಔಟ್‌ನಲ್ಲಿ ಸ್ಕೂಲ್ ಯೂನಿಫಾರ್ಮ್ ಹೊಲಿಯೋ ಕಡೆ ಅವ್ಳೆ. ಜೂನ್ ಹತ್ರ ಬಂತಲ್ಲ, ಜನ ಸಾಲ್ತಿಲ್ವಂತೆ. ಹತ್ತರಿಂದ ಐದು. ಮಧ್ಯಾಹ್ನ ಮನೆಗೆ ಹೋಗ್ಬರ್ತೀನಿ ಅಂದ್ರೂ ಬೇಡ ಅನ್ನಲ್ವಂತೆ. ನಾಳೆ ಹೋಗಿ ಅವ್ಳನ್ನ ಕೇಳಿ."

ಅವಳು ಎದ್ದು, ಇನ್ನೊಂದು ಲೋಟಕ್ಕೆ ಸೂಪು ಬಗ್ಗಿಸಿ ಅವನ ಮುಂದಿಟ್ಟಳು. ಕೃಷ್ಣಪ್ಪ ಲೋಟದೊಳಗೆ ನೋಡಿದ. ಪಾಪಮ್ಮ ಅವನಿಗೆ ಎಲ್ಲವನ್ನೂ ಹೇಳಿದ್ದಳೆಂಬುದು ಅವನ ಮುಖದಲ್ಲೇ ಕಾಣುತ್ತಿತ್ತು.

"ಇದು ಅದೇನಾ?"

"ಅದ," ಎಂದ ರೇವಣಸಿದ್ದ, ಇನ್ನೂ ಪೂರ್ತಿ ತೆರೆಯದ ಬಾಯಿಯಿಂದ. "ಇವತ್ತ ಚಲೋ ಐತಿ. ಕುಡೀರಿ."

ಕೃಷ್ಣಪ್ಪ ಎರಡೂ ಕೈಯಲ್ಲಿ ಲೋಟ ಹಿಡಿದು ಒಂದು ಸಣ್ಣ ಗುಟುಕು ಕುಡಿದ. ಆಮೇಲೆ ಸ್ವಲ್ಪ ದೊಡ್ಡದೊಂದು. ಸ್ವಲ್ಪ ಉಪ್ಪು ಕೇಳಿದ.